ಗುಂಡವ್ವನ ಬಾಗಿಲು

ನಮ್ಮವರು ಬೆಕ್ಕಿನ ಸೊಂಟ ಅಳೆಯುತ್ತಿದ್ದ ಶನಿವಾರ ಬೆಳಿಗ್ಗೆ ಒಲೆಯ ಮೇಲಿದ್ದ ನನ್ನ ಉಪ್ಪಿಟ್ಟು ಸೀದುಹೋಯಿತು. ತಪ್ಪು ನನ್ನದಲ್ಲ. ಇಪ್ಪತ್ತಾರು ವರ್ಷ ಜೊತೆಗೆ ಸಂಸಾರ ಮಾಡಿದ ಗಂಡಸು ಅಡುಗೆಮನೆಯ ನೆಲದ ಮೇಲೆ ಬೋರಲು ಬಿದ್ದು, ಕೈಯಲ್ಲಿ ಟೇಪು ಹಿಡಿದು, "ಉಸರ ಬಿಡವ್ವ, ಹಿಂಗ ಹೊಟ್ಟಿ ಉಬ್ಬಿಸಿದ್ರ ಅಳತಿ ತಪ್ಪತೈತಿ" ಎಂದು ಬೆಕ್ಕಿನ ಹತ್ತಿರ ಗೋಗರೆಯುತ್ತಿದ್ದರೆ ಯಾವ ಹೆಂಗಸು ಒಲೆಯ ಕಡೆ ನೋಡುತ್ತಾಳೆ ಹೇಳಿ.

ನಮ್ಮವರ ಹೆಸರು ಕಾಶೀನಾಥ. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕಸ್ಟಮ್ಸ್ ಕೆಲಸ. ಹಡಗಿನಿಂದ ಇಳಿದ ಪೆಟ್ಟಿಗೆಗಳನ್ನು ತೆರೆಸಿ, ಒಳಗೆ ಏನಿದೆ ಎಂದು ನೋಡಿ ಬಿಡುವುದು. ಈ ಚಾಳಿ ಮನೆಗೂ ಬಂದುಬಿಟ್ಟಿದೆ. ನಾನು ತಂದ ತರಕಾರಿ ಚೀಲಕ್ಕೂ ಒಮ್ಮೆ ಇಣುಕದೆ ಹೊಸಿಲು ದಾಟಗೊಡುವುದಿಲ್ಲ. ನಾನು ಮಂದಾಕಿನಿ, ಬ್ಯಾಂಕಿನಲ್ಲಿ ಆಫೀಸರು. ಇಬ್ಬರೂ ಧಾರವಾಡದ ಕಡೆಯವರು. ವೈಟ್ಟಿಲದ ಹಿಂದಿನ ಒಂದು ಓಣಿಯಲ್ಲಿ ಕೆಳಗಿನ ಮನೆ ನಮ್ಮ ಬಾಡಿಗೆಯದು. ಮೇಲಿನ ಮನೆಯಲ್ಲಿ ಮಾಲಕಿ ರೋಸಿಲಿ ಚೇಚಿ, ಅಂದರೆ ರೋಸಿಲಿ ಅಕ್ಕ, ರಿಟೈರಾದ ಶಾಲೆ ಟೀಚರು. ಅವರು ಮಹಡಿಯಲ್ಲಿ ಕೆಮ್ಮಿದರೆ ಓಣಿಯ ತುದಿಯ ಆಟೋದವರು ತಿರುಗಿ ನೋಡುತ್ತಾರೆ.

ನಮ್ಮ ಮನೆಯಲ್ಲಿ ಮೂರನೆಯವಳು ಗುಂಡವ್ವ. ಮೂರು ಮಳೆಗಾಲದ ಹಿಂದೆ ನಮ್ಮವರ ಆಫೀಸು ಬೂಟಿನೊಳಗೆ ಮುದುಡಿ ಮಲಗಿದ್ದಳು. ಈಗ ಆ ಬೂಟಿನಲ್ಲಿ ಅವಳ ಒಂದು ಕಾಲೂ ಹಿಡಿಸುವುದಿಲ್ಲ. ಮೊಸರನ್ನ, ಮೇಲೊಂದು ಚಮಚ ತುಪ್ಪ, ಹಬ್ಬಕ್ಕೆ ಹೋಳಿಗೆಯ ತುಂಡು. "ನಮ್ಮ ಗುಂಡವ್ವ ಶುದ್ಧ ಶಾಕಾಹಾರಿ" ಎಂದು ನಮ್ಮವರು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ನಾನೂ ಹೇಳಿದ್ದೆ. ಮೀನಿನ ಊರಿನಲ್ಲಿದ್ದೂ ಮೀನು ಮುಟ್ಟದ ಬೆಕ್ಕೆಂದರೆ ಸಾಕಿದವರಿಗೆ ಒಂದು ಗತ್ತು ಇರುವುದಿಲ್ಲವೇ?

ಇದೆಲ್ಲ ನೆಟ್ಟಗೆ ನಡೆದಿರುವಾಗ ಬ್ಯಾಂಕಿನವರು ನನ್ನನ್ನು ತಿರುವನಂತಪುರಕ್ಕೆ ವರ್ಗ ಮಾಡಿದರು. ಸೋಮವಾರ ಬೆಳಿಗ್ಗೆ ಹೋಗುವುದು, ಶುಕ್ರವಾರ ಸಂಜೆ ಬರುವುದು. ಅಲ್ಲಿ ನಿಶಾ ಎಂಬ ಬೆಂಗಳೂರಿನ ಹುಡುಗಿ, ನಮ್ಮ ಬ್ಯಾಂಕಿನವಳೇ, ತನ್ನ ಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದಳು. ಬೆಕ್ಕು ತಂದರೂ ಅಡ್ಡಿಯಿಲ್ಲ ಎಂದಿದ್ದಳು.

"ಗುಂಡವ್ವನ್ನ ನನ್ನ ಜೋಡಿ ಕರಕೊಂಡ ಹೋಗ್ತೀನಿ," ಎಂದೆ.

ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. "ಬೆಕ್ಕಿಗೆ ಮನಿ ಮುಖ್ಯ, ಮಂದಿ ಅಲ್ಲ. ಊರ ಬದಲಿ ಮಾಡಿದ್ರ ಅದಕ್ಕ ಒಗ್ಗೂದಿಲ್ಲ."

"ಇಷ್ಟ ದಿನ ಮಧ್ಯಾಹ್ನ ಊಟಕ್ಕ ಬಂದಾಗ ನಾ ಬಾಗಲಾ ತಗದು ಹೊರಗ ಬಿಡ್ತಿದ್ದೆ. ಇನ್ನ ಮುಂದ ನೀವು ಮುಂಜಾನೆ ಕೀಲಿ ಹಾಕ್ಕೊಂಡ ಹೋದ್ರ ಸಂಜಿತನಕ ಒಳಗ ಕೂತು ಏನ್ ಮಾಡಬೇಕದು?"

"ಬಾಗಲದಾಗ ಒಂದು ಬಾಗಲಾ ಮಾಡಿದ್ರಾತು."

ಅದು ಎಂದೇ ಕರೆಯುತ್ತಾರೆ, ಆಕಿ ಎನ್ನುವುದಿಲ್ಲ. ಬೆಕ್ಕನ್ನು ಮುದ್ದು ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ಆ ಮನುಷ್ಯನ ಒಳಗಿನದು ನನಗೆ ಗೊತ್ತು. ಸಂಜೆ ಬಂದು ಕೀಲಿ ತೆಗೆದಾಗ ಕತ್ತಲೆ ಮನೆಯಲ್ಲಿ ಒಂದು ಜೀವವೂ ಎದ್ದು ಬರುವುದಿಲ್ಲ ಎಂದರೆ ಅವರಿಗೆ ಭಯ. ವಾರಕ್ಕೆ ನಾಲ್ಕು ರಾತ್ರಿ ಒಬ್ಬರೇ. ಭಯ ಎಂದು ಬಾಯಿಬಿಟ್ಟು ಹೇಳುವ ಪೈಕಿಯವರಲ್ಲ, ಅದಕ್ಕೆ ಬಾಗಿಲಿಗೆ ತೂತು ಕೊರೆಯಲು ಹೊರಟಿದ್ದರು. ನನಗೂ ಬೆಕ್ಕು ಬೇಕಿತ್ತು. ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಮಂಚದ ಮೇಲೆ, ಕಾಲಬುಡದಲ್ಲಿ ಗುರ್ ಎನ್ನುವ ಒಂದು ಗೊತ್ತಿರುವ ದನಿ ಇರಲಿ ಎಂದು ನನ್ನಾಸೆ.

"ಭಾನುವಾರ ಸಂಜಿತನಕ ಟೈಮ್," ಎಂದೆ. "ಗುಂಡವ್ವ ತಾನ ಹೊರಗ ಹೋಗಿ ತಾನ ಒಳಗ ಬಂದ್ಲಂದ್ರ ಇಲ್ಲೇ ಇರ್ಲಿ. ಇಲ್ಲಾಂದ್ರ ಸೋಮವಾರ ನನ್ನ ಜೋಡಿ ಬುಟ್ಟ್ಯಾಗ."

"ಆತು," ಎಂದರು, ನನ್ನ ಮಾತು ಮುಗಿಯುವ ಮೊದಲೇ.

ಹಿತ್ತಿಲ ಕಡೆಯ ಅಡುಗೆಮನೆ ಬಾಗಿಲು ಹೇಗೂ ಹಳೆಯ ಪ್ಲೈವುಡ್ಡಿನದು, ಬುಡ ಮಳೆಗೆ ಉಬ್ಬಿತ್ತು. ಅನುಮತಿ ಕೇಳಲು ಹೋದರೆ ಚೇಚಿ, ಕೊರೆದುಕೊಳ್ಳಿ, ಧಾರಾಳವಾಗಿ ಕೊರೆದುಕೊಳ್ಳಿ ಎಂದು ಯಾಕೋ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಡಪ್ಪಳ್ಳಿಯ ಮಾಲಿಗೆ ಹೋಗಿ ನಮ್ಮವರು ಬಿಳಿ ಚೌಕಟ್ಟಿನ ಪ್ಲಾಸ್ಟಿಕ್ ಕಿರುಬಾಗಿಲು ತಂದರು. ತಳ್ಳಿದರೆ ಆಚೆಗೂ ಈಚೆಗೂ ತೂಗುವಂಥದ್ದು. ಕೊರೆಯುವ ಯಂತ್ರ ಹಿಡಿದುಕೊಂಡು ಬಂದವನು ಅವರ ಆಫೀಸಿನ ವಿಲ್ಸನ್, ಮಂಗಳೂರಿನವನು.

"ಎಂತ ಸರ್, ಬೆಕ್ಕಿಗೂ ಎಕ್ಸಾಮಿನೇಶನ್ನಾ?" ಎಂದ, ನೆಲದ ಮೇಲಿದ್ದ ಟೇಪು ನೋಡಿ.

"ಅಳತಿ ಬೇಕಪಾ. ಒಂದೀಟ ಹೆಚ್ಚಿಗಿನ ಇಡೂಣು. ಮುಂದ ದಪ್ಪಾದ್ರ?"

"ಇನ್ನು ದಪ್ಪ ಆಗ್ಲಿಕ್ಕೆ ಅದರಲ್ಲಿ ಜಾಗ ಎಲ್ಲುಂಟು ಮಾರಾಯ್ರೆ?"

ಗುಂಡವ್ವ ಒಗೆಯುವ ಕಲ್ಲಿನ ಮೇಲೆ ಕೂತು, ಬಾಲವನ್ನು ಕಾಲಿಗೆ ಸುತ್ತಿಕೊಂಡು, ಕೂಲಿಯವರ ಕೆಲಸ ನೋಡುವ ಗೌಡತಿಯ ಹಾಗೆ ನೋಡುತ್ತಿದ್ದಳು. ಯಂತ್ರ ಕಿರ್ರೆಂದಿತು, ಹೊಟ್ಟು ಹಾರಿತು, ಬಾಗಿಲ ಬುಡದಲ್ಲಿ ಚೌಕದ ಒಂದು ತೂತಾಯಿತು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಕಾಲಬಳಿ ಏನೋ ಉಸಿರಾಡಿದಂತಾಯಿತು. ಬಗ್ಗಿ ನೋಡಿದರೆ ನನ್ನ ಗಂಡನ ತಲೆ. ಹಣೆಯ ಮೇಲಿನ ವಿಭೂತಿ ಸಮೇತ, ಬರೀ ತಲೆ.

"ಏನ್ ಬೇಕಾಗಿತ್ತು?" ಎಂದೆ.

"ಬೆಕ್ಕಿಗೆ ಒಳಗಿನದು ಹೆಂಗ ಕಾಣತೈತಿ ನೋಡಾಕತ್ತಿದ್ದೆ."

"ಹೆಂಗ ಕಾಣತೈತಿ?"

"ಗ್ಯಾಸಿನ ಕೆಳಗ ಭಾಳ ಹೊಲಸೈತಿ," ಎಂದರು. ಆಮೇಲೆ ತಲೆಯನ್ನು ಹಿಂದಕ್ಕೆ ಎಳೆದುಕೊಂಡರು. ಅದು ಹೋಗಲಿಲ್ಲ. ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಬರುವಾಗ ಮಡಚಿಕೊಂಡು ಬಂದ ಕಿವಿಗಳು ಹೋಗುವಾಗ ಅಡ್ಡ ನಿಂತಿದ್ದವು.

ಆಚೆ ವಿಲ್ಸನ್ ಕಾಲು ಹಿಡಿದು ಎಳೆದ. ಈಚೆ ನಾನು ಹಣೆ ಹಿಡಿದು ದಬ್ಬಿದೆ. "ಕಿವಿ! ಕಿವಿ!" ಎಂದು ನಡುವಿನವರು ಕೂಗಿದರು. ಗುಂಡವ್ವ ಕಲ್ಲಿನಿಂದ ಇಳಿದು ಬಂದು ಅವರ ಬೆನ್ನಿನ ಮೇಲೆ ಹತ್ತಿ ಕೂತಳಂತೆ, ವಿಲ್ಸನ್ ಆಮೇಲೆ ಹೇಳಿದ. ನನಗೆ ನಗು ತಡೆಯಲಾಗದೆ ಕೈಯಲ್ಲಿ ಬಲವೇ ಉಳಿಯಲಿಲ್ಲ. ಕೊನೆಗೆ ಮಹಡಿಯಿಂದ ಚೇಚಿ ಕೂಗಿ ಹೇಳಿದ ಹಾಗೆ ಎರಡೂ ಕಿವಿಗೆ ಕೊಬ್ಬರಿ ಎಣ್ಣೆ ಸುರಿದೆ. ತಲೆ ಜಾರಿ ಹೋಯಿತು. ಚೌಕಟ್ಟು ಕೂಡಿಸಿದರು, ಸ್ಕ್ರೂ ಬಿಗಿದರು, ಕಿರುಬಾಗಿಲು ತೂಗಿತು. ಊರಿಗೆಲ್ಲ ಸಾರುವಷ್ಟು ಚಂದ ಕಂಡಿತು, ಸುಳ್ಳೇಕೆ ಹೇಳಲಿ.

ಇನ್ನು ಗುಂಡವ್ವ ಅದನ್ನು ಬಳಸಬೇಕು.

ಅವಳನ್ನು ಒಳಗೆ ಬಿಟ್ಟು ಚಿಲಕ ಹಾಕಿ ನಾನು ಅಡುಗೆಮನೆಯ ಕಿಟಕಿಯ ಬಳಿ ನಿಂತೆ, ಗಂಡಸರಿಬ್ಬರೂ ಹಿತ್ತಿಲಿನಲ್ಲಿ. ಅವಳು ಕಿರುಬಾಗಿಲ ಮುಂದೆ ಕೂತಳು. ಅದನ್ನು ಮೂಸಿದಳು. ಆಮೇಲೆ ತಲೆ ಎತ್ತಿ ದೊಡ್ಡ ಬಾಗಿಲನ್ನು ನೋಡಿ, ಯಾರಲ್ಲಿ, ತೆಗೆಯಿರಿ ಎಂದು ಒದರಿದಳು. ನಮ್ಮವರು ಹೊರಗಿನಿಂದ ಕೈ ತೂರಿಸಿ ಮೊಸರನ್ನದ ಬಟ್ಟಲು ತೋರಿಸಿದರು. ತುಪ್ಪ ಹಾಕಿದರು. ಮಿಯಾಂವ್ ಎಂದೂ ಕೂಗಿದರು. ಆ ಕೂಗಿಗೆ ಪಕ್ಕದ ಕಾಂಪೌಂಡಿನ ಗಂಡುಬೆಕ್ಕೊಂದು ಬಂದು ಮೊಸರನ್ನ ಮೂಸಿ, ಮುಖ ಸಿಂಡರಿಸಿ ಹೋಯಿತು.

"ಒಂದು ತುಂಡು ಮೀನು ತರ್ತೇನೆ ಸರ್," ಎಂದ ವಿಲ್ಸನ್. "ಬೆಕ್ಕು ಅಲ್ವಾ?"

ನಮ್ಮವರು ಎದ್ದು ನಿಂತರು. ಕಿವಿಯಿಂದ ಇನ್ನೂ ಎಣ್ಣೆ ಇಳಿಯುತ್ತಿತ್ತು. "ವಿಲ್ಸನ್, ನಮ್ಮ ಗುಂಡವ್ವ ಹುಟ್ಟಿದಾಗಿಂದ ಮೀನ ಮುಟ್ಟಿಲ್ಲ. ಮುಂದ ತಂದಿಟ್ರೂ ಮುಖಾ ತಿರುವತೈತಿ. ಅದು ಸಂಸ್ಕಾರ."

ಆ ಮಾತು ಇನ್ನೂ ಗಾಳಿಯಲ್ಲಿರುವಾಗ ಹೊರಗಿನ ಮೆಟ್ಟಿಲ ಮೇಲೆ ರೋಸಿಲಿ ಚೇಚಿ ಕಾಣಿಸಿಕೊಂಡರು. ಕೈಯಲ್ಲಿ ಒಂದು ತಟ್ಟೆ. "ತ್ರೇಸ್ಯಾ!" ಎಂದು ಕರೆದರು. "ವಾ ಮೋಳೇ, ಮತ್ತಿ!"

ಬಾ ಮಗಳೇ, ಬೂತಾಯಿ ಮೀನು ಎಂದರ್ಥ. ಯಾರನ್ನು ಕರೆಯುತ್ತಿದ್ದಾರೆ ಎಂದು ನಾವು ಸುತ್ತ ನೋಡುವುದರೊಳಗೆ ಕಿರುಬಾಗಿಲು ಫಟಾರೆಂದಿತು. ಗುಂಡವ್ವ ಅದರಿಂದ ಹೊರಬಿದ್ದು, ನಮ್ಮವರ ಕಾಲ ನಡುವೆ ನುಸುಳಿ, ಮೆಟ್ಟಿಲು ಹತ್ತಿ, ಚೇಚಿಯ ಕಾಲಿಗೆ ಮೈ ಉಜ್ಜುತ್ತಿದ್ದಳು. ಮೀನನ್ನು ತಲೆಯ ಕಡೆಯಿಂದ ತಿನ್ನತೊಡಗಿದಳು, ಬಹಳ ದಿನದ ಅಭ್ಯಾಸ ಇದ್ದವರು ತಿನ್ನುವ ಹಾಗೆ.

ಚೇಚಿ ಎಲ್ಲವನ್ನೂ ಮಲಯಾಳದಲ್ಲಿ ಹೇಳಿದರು. ಮೂರು ವರ್ಷದಿಂದ ದಿನಾ ಮಧ್ಯಾಹ್ನ ಮೀನು ಹುರಿಯುವ ಹೊತ್ತಿಗೆ ಇವಳು ಮೇಲೆ ಹಾಜರು. ಅಲ್ಲಿ ಇವಳ ಹೆಸರು ತ್ರೇಸ್ಯ. ನಮಗೆ ಬೇಜಾರಾಗಬಾರದೆಂದು ಹೇಳಿರಲಿಲ್ಲ, ಕೆಳಗೆ ಕಳಿಸುವ ಮೊದಲು ಒದ್ದೆ ಬಟ್ಟೆಯಿಂದ ಮೀಸೆ ಒರೆಸಿ ಕಳಿಸುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದವರು ನಾವು.

ವಿಲ್ಸನ್ ಗೋಡೆಗೆ ಒರಗಿ, ಬಾಯಿಗೆ ಕರ್ಚೀಫು ತುರುಕಿಕೊಂಡು ಮೈಯೆಲ್ಲ ಕುಲುಕಿಸುತ್ತಿದ್ದ. ನಮ್ಮವರು ಒಳಗೆ ಹೋಗಿ ಆ ಮೊಸರನ್ನವನ್ನು ತಾವೇ ಉಂಡರು.

ಹೊರಗೆ ಹೋಗುವುದೇನೋ ಆಯಿತು. ಒಳಗೆ ಬರುವುದು ಬಾಕಿ. ಆ ರಾತ್ರಿ ಗುಂಡವ್ವ ದೊಡ್ಡ ಬಾಗಿಲನ್ನು ಒದರಿ ಒದರಿ ತೆಗೆಸಿಕೊಂಡೇ ಒಳಗೆ ಬಂದಳು. ಭಾನುವಾರ ಬೆಳಿಗ್ಗೆಯೂ ಹಾಗೆಯೇ. ನಾನು ಗೆದ್ದೆ ಎಂದುಕೊಂಡು, ಅವಳನ್ನು ರೈಲಿನಲ್ಲಿ ಒಯ್ಯುವ ಬುಟ್ಟಿ ಕೊಳ್ಳಲು ಮತ್ತೆ ಎಡಪ್ಪಳ್ಳಿಗೆ ಹೊರಟೆ. ಅರ್ಧ ದಾರಿಗೆ ಹೋದಮೇಲೆ ಪರ್ಸು ಮರೆತದ್ದು ನೆನಪಾಗಿ ತಿರುಗಿ ಬಂದೆ. ಮುಂಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಕಡೆ ಹೋದವಳು ಅಲ್ಲೇ ನಿಂತುಬಿಟ್ಟೆ.

ನಮ್ಮವರು ಸ್ನಾನ, ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಕಿರುಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಒಲೆಯ ಇಕ್ಕಳ. ಇಕ್ಕಳದಲ್ಲಿ ಬಾಲ ಸಿಕ್ಕಿಸಿಕೊಂಡ ಒಂದು ಬೂತಾಯಿ. ಮುಖ ಪೂರ್ತಿ ಆಚೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಲ್ಲಿ ಉಸಿರಾಡುತ್ತ, ಸಣ್ಣ ದನಿಯಲ್ಲಿ ಕರೆಯುತ್ತಿದ್ದರು. "ತ್ರೇಸ್ಯಾ. ಬಾರವ್ವ ತ್ರೇಸ್ಯಾ. ಯಾರೂ ಇಲ್ಲ, ಬಾ."

ಮೊಟ್ಟೆ ಹಾಕಿದ ಕೇಕನ್ನೂ ಮನೆಯೊಳಗೆ ಬಿಡದ ಮನುಷ್ಯ. ಆಫೀಸಿನಲ್ಲಿ ಡಬ್ಬಿಯನ್ನು ಬೇರೆ ಮೂಲೆಯಲ್ಲಿ ಕೂತು ಉಣ್ಣುವ ಮನುಷ್ಯ. ಕಿರುಬಾಗಿಲು ಅಲ್ಲಾಡಿತು, ಮೂಗು ಬಂತು, ಮೀಸೆ ಬಂತು, ಇಡೀ ಗುಂಡವ್ವ ಬಂದಳು. ಮೀನು ಕಿತ್ತುಕೊಂಡು ನಡುಮನೆಗೆ ನಡೆದಳು. ನಮ್ಮವರು ಕಣ್ಣು ತೆರೆದರೆ ಎದುರಿಗೆ ನಾನು.

"ಒಳಗ ಬಂದ್ಲು," ಎಂದರು, ಇಕ್ಕಳ ಇನ್ನೂ ಮೇಲೆತ್ತಿ ಹಿಡಿದುಕೊಂಡೇ. "ನೀ ನೋಡಿದಿ. ತಾನ ಬಂದ್ಲು."

ಬಂದ್ಲು ಎಂದರು. ಬಂತು ಎನ್ನಲಿಲ್ಲ.

ನಗಬೇಕು ಎಂದುಕೊಂಡೆ. ನಗು ಬರಲಿಲ್ಲ. ನಾನಿಲ್ಲದ ಮನೆಗೆ ಈ ಮನುಷ್ಯ ಎಷ್ಟು ಹೆದರಿದ್ದರೆ ಅಡುಗೆಮನೆಗೆ ಮೀನು ತಂದಾರು! ಎಷ್ಟು ಸಂಕಟವಾಯಿತೋ ಅಷ್ಟೇ ಪ್ರೀತಿಯೂ ಉಕ್ಕಿತು. "ಆತು, ಆಕಿ ಇಲ್ಲೇ ಇರ್ಲಿ," ಎಂದೆ. ಅವರು ಮಗುವಿನಂತೆ ನಕ್ಕರು. ಆಮೇಲೆ ಅರಿಶಿನದ ನೀರಿನಿಂದ ನೆಲ ತೊಳೆದರು, ಮತ್ತೆ ತೊಳೆದರು, ತಾವೂ ಇನ್ನೊಮ್ಮೆ ಸ್ನಾನ ಮಾಡಿದರು. ಇಕ್ಕಳವನ್ನು ಚೇಚಿಗೆ ಶಾಶ್ವತವಾಗಿ ಕೊಟ್ಟುಬಂದರು. ಆವತ್ತು ರೊಟ್ಟಿಯನ್ನು ನಾನು ಬರಿಗೈಯಲ್ಲಿ ಸುಟ್ಟೆ.

ತಿರುವನಂತಪುರದಲ್ಲಿ ನನ್ನ ದಿನಗಳು ಒಂದು ಫೋನಿಗಾಗಿ ಕಾಯುವುದರಲ್ಲಿ ಹೋದವು. ಸಂಜೆ ನಿಶಾಳ ಮನೆಯ ಬಾಲ್ಕನಿಯಲ್ಲಿ ಕೂತು ಕೇಳುವುದು: ಗುಂಡವ್ವ ಏನ್ ಮಾಡಾಕತ್ತಾಳ? ಸೋಮವಾರ ಅವಳು ನಮ್ಮವರ ಪೇಪರಿನ ಮೇಲೆ ಮಲಗಿದ್ದಳು. ಮಂಗಳವಾರ ಬಾಗಿಲಿಗೆ ಬಂದು ಎದುರುಗೊಂಡಳು. ಬುಧವಾರ ಮಡಿಲಲ್ಲಿ ಕೂತು ಟೀವಿಯ ವಾರ್ತೆ ನೋಡಿದಳು. ಗುರುವಾರದ ಹೊತ್ತಿಗೆ ನಮ್ಮವರು ಹಾಡು ಹೇಳಿದರೆ ಬಾಲದಿಂದ ತಾಳ ಹಾಕುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಆ ಮನುಷ್ಯ ನನ್ನೆದುರು ಹಾಡಿದ್ದಿಲ್ಲ! ನನಗೆ ಹೊಟ್ಟೆಕಿಚ್ಚಾಯಿತು. ಆದರೂ ಅದನ್ನು ಕೇಳಿದ ಮೇಲೆಯೇ ನನಗೆ ಅನ್ನ ಸೇರುತ್ತಿತ್ತು. ಅಲ್ಲಿ ಅವರು ಒಬ್ಬರೇ ಇಲ್ಲ ಎಂದು ಸಮಾಧಾನದಿಂದ ಉಣ್ಣುತ್ತಿದ್ದೆ.

"ಆಂಟಿ, ಅಂಕಲ್‌ಗೆ ವಿಡಿಯೋ ಕಾಲ್ ಮಾಡಕ್ಕೆ ಹೇಳಿ, ನಾನೂ ನೋಡ್ತೀನಿ ನಿಮ್ ಗುಂಡವ್ವನ್ನ," ಎಂದಳು ನಿಶಾ.

ಹೇಳಿದೆ. "ಮಲಗ್ಯಾಳ," ಎಂದರು ನಮ್ಮವರು. "ಬೆಳಕ ಬಿದ್ರ ಎದ್ದ ಬಿಡ್ತಾಳ." ಎಂಥ ಅಂತಃಕರಣ ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನವೇ ಕೆಲಸ ಮುಗಿಸಿ ರೈಲು ಹತ್ತಿದೆ. ಓಣಿಗೆ ಬಂದಾಗ ದೀಪ ಹಚ್ಚುವ ಹೊತ್ತು, ಆದರೆ ಕರೆಂಟು ಹೋಗಿತ್ತು. ಬೆಲ್ ಒತ್ತಿದರೆ ಸದ್ದಿಲ್ಲ, ತಟ್ಟಿದರೆ ಉತ್ತರವಿಲ್ಲ. ಮನೆ ಸುತ್ತಿ ಹಿತ್ತಿಲಿಗೆ ಹೋದೆ. ಕಿರುಬಾಗಿಲ ಪ್ಲಾಸ್ಟಿಕ್ಕಿನ ಹಿಂದೆ ಮೊಬೈಲಿನ ಬೆಳಕು ಮಂಕಾಗಿ ಕಾಣುತ್ತಿತ್ತು. ಒಳಗಿನಿಂದ ದನಿ ಕೇಳಿ ಬಗ್ಗಿದೆ.

"ತ್ರೇಸ್ಯಾ, ನಿನ್ನ ಕಾಲ ಬೀಳ್ತೀನಿ, ಒಂದ ತಾಸು ಬಂದ ಕೂತ ಹೋಗು," ಎನ್ನುತ್ತಿದ್ದರು ನಮ್ಮವರು. "ಆಕಿ ಬರೂ ಹೊತ್ತಾತು. ದಿನಾ ಸುಳ್ಳ ಹೇಳೇನಿ ಆಕಿಗೆ. ಪೇಪರ ಮ್ಯಾಲೆ ಮಲಗಿದಿ, ಮಡಲಾಗ ಕೂತಿದಿ, ಏನೇನೋ ಹೇಳೇನಿ. ನೀ ಇಲ್ಲಂದ್ರ ನಾ ಒಬ್ಬನ ಅದೀನಂತ ಆಕಿಗೆ ಗೊತ್ತಾಗತೈತಿ. ಆಮ್ಯಾಲ ಆಕಿ ಅಲ್ಲಿ ಉಣ್ಣಂಗಿಲ್ಲ, ನಿನಗ ತಿಳಿಯಂಗಿಲ್ಲ. ಬಾರವ್ವ."

ನಾನು ಅಲ್ಲೇ ಮಂಡಿಯೂರಿ ಕೂತೆ. ಏನು ಮಾಡಬೇಕೋ ತೋಚಲಿಲ್ಲ. ಕಿರುಬಾಗಿಲನ್ನು ಮೆಲ್ಲಗೆ ತಳ್ಳಿ ಕೈ ಒಳಗೆ ಚಾಚಿದೆ.

"ಬಂದ್ಯಾ ನಮ್ಮವ್ವಾ!" ಎಂದರು. ಅಂಗೈಯಲ್ಲಿ ತಣ್ಣಗೆ, ಜಾರುವಂಥದ್ದು ಏನೋ ಬಿತ್ತು. ಜನ್ಮದಲ್ಲಿ ಮೊದಲ ಸಲ ಮೀನು ಮುಟ್ಟಿದೆ. ಕೂಗು ತಡೆದುಕೊಂಡೆ, ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಮೊದಲೇ ಅವರು, ಮೀನಿನಿಂದ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡಿದ್ದರೆಂದು ಕಾಣುತ್ತದೆ, ಅದನ್ನು ಬೆಕ್ಕಿನ ತಲೆಯೆಂದು ತಿಳಿದು ಸವರತೊಡಗಿದ್ದರು. ಬೆರಳಿಗೆ ಬಳೆ ತಾಗಿತು. ಸವರುವುದು ನಿಂತಿತು.

"ಗುಂಡವ್ವಗ ಬಳಿ ಯಾವಾಗ ಇಡಿಸಿದ್ರಿ?" ಎಂದೆ.

ಒಳಗೆ ಮೊಬೈಲಿನ ಬೆಳಕು ಆರಿತು.

"ಮ್ಯಾಲೆ, ಚೇಚಿ ಮನ್ಯಾಗ ಐತಿ," ಎಂದರು.

"ಯಾವಾಗಿಂದ?"

"ಸೋಮವಾರ ನಿನ್ನ ರೈಲು ಬಿಡೂಕಿಂತ ಮೊದಲ ಹೋತು. ಮೊದಲು ಚಿಲಕ ಹಾಕಿದ್ರ ರಾತ್ರಿಯರ ಒಳಗ ಇರ್ತಿತ್ತು. ಈಗ ಬಾಗಲಾ ಆತಲ್ಲ."

ನನಗೆ ನಗು ಒತ್ತರಿಸಿ ಬಂತು. ತೂತು ಕೊರೆದವರು ಯಾರು, ಕಿವಿಗೆ ಎಣ್ಣೆ ಸುರಿಸಿಕೊಂಡವರು ಯಾರು, ಇಕ್ಕಳ ಕಳೆದುಕೊಂಡವರು ಯಾರು! ಹಿತ್ತಿಲ ಮಣ್ಣಿನಲ್ಲಿ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಒಳಗೆ ಅವರೂ ನಗತೊಡಗಿದರು. ಆ ನಗು ನಿಂತ ಮೇಲೆ ಕೇಳಿದೆ, "ಮತ್ತ ನೀವು ದಿನಾ ಸಂಜೀಕ ಏನ್ ಮಾಡ್ತಿದ್ರಿ?"

"ಇಲ್ಲೇ ಕೂಡ್ತಿದ್ದೆ. ಗಾಳಿಗೆ ಇದು ಅಲ್ಲಾಡತೈತಿ. ಯಾರೋ ಬಂದಂಗಾಗತೈತಿ."

ಮೀನು ಎಲ್ಲಿ ಬಿತ್ತೋ ಗೊತ್ತಿಲ್ಲ. ನನ್ನ ಕೈ ಈಗ ಅವರ ಎರಡೂ ಕೈಯೊಳಗಿತ್ತು.

"ಬಾಗಲಾ ತಗೀರಿ," ಎಂದೆ.

ಆ ಬಾಗಿಲಿನ ಚಿಲಕ ಮೇಲ್ತುದಿಯಲ್ಲಿದೆ. ಅದನ್ನು ತೆಗೆಯಬೇಕಾದರೆ ಎದ್ದು ನಿಲ್ಲಬೇಕು, ಎದ್ದು ನಿಲ್ಲಬೇಕಾದರೆ ನನ್ನ ಕೈ ಬಿಡಬೇಕು.

"ತಗೀತೀನಿ, ತಡಿ," ಎಂದರು. ಬಿಡಲಿಲ್ಲ.